ಜ್ವರ ಬಂದ ಕಲ್ಲು

(ಡೊಂಬಿವಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇಂಥ ಕನ್ನಡ ಸಂಘದ ವೇದಿಕೆಯಲ್ಲಿ ಕುಮಾರವ್ಯಾಸನ ಬಗ್ಗೆಯೋ ಯಕ್ಷಗಾನದ ಬಗ್ಗೆಯೋ ಮಾತಾಡುವುದು ವಾಡಿಕೆ. ಮೂತ್ರರೋಗದ ವೈದ್ಯನನ್ನು ಕರೆಸಿದ ಸಂಘಟಕರ ಧೈರ್ಯ ಮೆಚ್ಚಬೇಕು. ಕಿಡ್ನಿ ಕಲ್ಲು ಅಂದ ಕೂಡಲೇ ಸಭೆ ಕೇಳುವುದು ಪಥ್ಯದ ಪಟ್ಟಿಯನ್ನು. ಟೊಮೆಟೊ ತಿನ್ನಬಹುದೇ, ಬಸಳೆ ಬಿಡಬೇಕೇ, ಹಾಲು ಕುಡಿಯಬಹುದೇ. ಅದಕ್ಕೆ ಆಮೇಲೆ ಬರುತ್ತೇನೆ, ಅದೂ ಚುಟುಕಾಗಿ. ಇವತ್ತು ನಾನು ಆರಿಸಿಕೊಂಡಿರುವುದು ಕಲ್ಲಿನ ಹಿಂದೆ ಕಟ್ಟಿಕೊಳ್ಳುವ ಕೀವನ್ನು. ಬರೀ ಕಲ್ಲಿನಿಂದ ಸಾಯುವವರು ಅಪರೂಪ. ಸಾಯುವುದು ಆ ಕೀವಿನಿಂದ. ಮುಂಬಯಿ ಸುತ್ತಲಿನ ನಮ್ಮ ಕನ್ನಡಿಗರಲ್ಲಿ ಅದು ತಡವಾಗಿ ಗೊತ್ತಾಗುವುದಕ್ಕೆ ನಾವು ಬದುಕುವ ರೀತಿಯೂ ಕಾರಣ ಎಂಬುದು ನನ್ನ ಅನಿಸಿಕೆ. ಅದನ್ನೇ ವಿವರಿಸುತ್ತೇನೆ.

ಮೊದಲು ಸ್ವಲ್ಪ ಒಳಗಿನ ನಕ್ಷೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚು ಕಡಿಮೆ ಎಲ್ಲವನ್ನೂ ಮತ್ತೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಬಿಡುತ್ತವೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ಉದ್ದ 25ರಿಂದ 30 ಸೆಂಟಿಮೀಟರ್, ಒಳಗಿನ ಅಗಲ 3-4 ಮಿಲಿಮೀಟರ್. ಆ ನಾಳ ಮೂರು ಕಡೆ ಇನ್ನೂ ಕಿರಿದಾಗುತ್ತದೆ: ಕಿಡ್ನಿಯಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವಲ್ಲಿ, ಮೂತ್ರಕೋಶವನ್ನು ಹೊಗುವಲ್ಲಿ. ಕಲ್ಲು ಸಿಕ್ಕಿಬೀಳುವುದು ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಡೆ. ಕಿಡ್ನಿಯೊಳಗೇ ಕೂತ ಒಂದು ಸೆಂಟಿಮೀಟರಿನ ಕಲ್ಲು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ನಾಳಕ್ಕೆ ಇಳಿದ 5 ಮಿಲಿಮೀಟರಿನದು ಗಟ್ಟಿಮುಟ್ಟಾದ ಆಳನ್ನೂ ನೆಲದ ಮೇಲೆ ಹೊರಳಾಡಿಸುತ್ತದೆ.  ಆ ನೋವು ಒಮ್ಮೆ ಉಂಡವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಈಗ ನಮ್ಮ ಬದುಕಿನ ಕಡೆ ಬರೋಣ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹತ್ತಿರ ಹತ್ತಿರ 50 ಕಿಲೋಮೀಟರ್. ಮನೆಯಿಂದ ಸ್ಟೇಷನ್ನಿಗೆ ಶೇರ್ ರಿಕ್ಷಾದ ಸಾಲು, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ಲೋಕಲ್ಲಿನೊಳಗೆ ನಿಂತೇ ಪ್ರಯಾಣ, ಇಳಿದ ಮೇಲೆ ಬಸ್ಸು. ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲ. ಹಾಗಾಗಿ ಬೆಳಗ್ಗೆ ಅರ್ಧ ಲೋಟ ಚಹಾ, ಆಮೇಲೆ ಆಫೀಸು ಮುಟ್ಟುವ ತನಕ ತುಟಿಗೆ ನೀರಿಲ್ಲ. ಮರಳುವಾಗಲೂ ಇದೇ ಲೆಕ್ಕ. ಗಂಡಸರು ಹೇಗೋ ನಿಭಾಯಿಸುತ್ತಾರೆ. ಹೆಂಗಸರ ಕಷ್ಟ ಬೇರೆ. 2011ರಲ್ಲಿ ಮುಂಬಯಿಯ ಮಹಿಳಾ ಕಾರ್ಯಕರ್ತೆಯರು ಸಾರ್ವಜನಿಕ ಮೂತ್ರಾಲಯಗಳಿಗಾಗಿ ‘ರೈಟ್ ಟು ಪೀ’ ಚಳವಳಿ ಶುರುಮಾಡಿದಾಗ ಹೆಸರು ಕೇಳಿ ನಕ್ಕವರಿದ್ದರು. ನನ್ನ ಓಪಿಡಿಯ ಬೆಂಚಿನ ಮೇಲೆ ಒಂದು ದಿನ ಕೂತಿದ್ದರೆ ಅವರು ನಗುತ್ತಿರಲಿಲ್ಲ. ನೀರು ಕುಡಿಯದೆ ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟುತ್ತದೆ. ತಡೆದು ಹಿಡಿದದ್ದರಿಂದ ಸೋಂಕಿಗೂ ದಾರಿಯಾಗುತ್ತದೆ. ನಮ್ಮ ವಿಷಯಕ್ಕೆ ಬೇಕಾದ ಎರಡು ಸಾಮಗ್ರಿಯೂ ಒಂದೇ ಅಭ್ಯಾಸದಿಂದ ಒದಗಿದಂತಾಯಿತು.

ಇನ್ನು ಹೋಟೆಲಿನವರು. ಭಟ್ಟಿಯ ಮುಂದೆ ನಿಂತು ದೋಸೆ ಹುಯ್ಯುವವನ ಬೆವರು ಎಷ್ಟು ಎಂದು ಯಾರೂ ಅಳೆಯುವುದಿಲ್ಲ. ಉಡುಪಿ, ಕುಂದಾಪುರ, ಕಾರ್ಕಳಗಳಿಂದ ಬಂದ ಮೂರು ತಲೆಮಾರು ಈ ಬಿಸಿಯಲ್ಲೇ ಬದುಕು ಕಟ್ಟಿಕೊಂಡಿದೆ. ಅಡುಗೆಮನೆಯಲ್ಲಿ ಬಾಯಾರಿದಾಗ ಸಿಗುವುದು ಚಹಾ. ಬೆವರಿಗೆ ತಕ್ಕ ನೀರು ದೇಹಕ್ಕೆ ಹೋಗುವುದೇ ಇಲ್ಲ. ನವಿಮುಂಬಯಿಯ ನಾಕಾಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಕಾದು ನಿಲ್ಲುವ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಗೌಂಡಿಗಳಿಗೆ ನೀರಿನ ಕೊರತೆಯ ಜೊತೆಗೆ ಬಿಸಿಲೂ ಸೇರಿಕೊಳ್ಳುತ್ತದೆ.

ಕಲ್ಲು ಬಂತು, ನೋವು ಬಂತು. ಏನಾಗುತ್ತದೆ? ಹತ್ತಿರದ ದವಾಖಾನೆಯಲ್ಲಿ ಒಂದು ಡೈಕ್ಲೋಫಿನಾಕ್ ಇಂಜೆಕ್ಷನ್. ಅರ್ಧ ಗಂಟೆಯಲ್ಲಿ ನೋವು ಇಳಿಯುತ್ತದೆ. “ಸೋನೋಗ್ರಫಿ ಮಾಡಿಸಿ” ಎಂದು ಚೀಟಿ ಬರೆದುಕೊಟ್ಟಿರುತ್ತಾರೆ. ಆ ಚೀಟಿ ರೈಲ್ವೆ ಪಾಸಿನ ಹಿಂದೆ ಸೇರಿಕೊಂಡು ಅಲ್ಲೇ ಹಳತಾಗುತ್ತದೆ. ನೋವು ಹೋಯಿತಲ್ಲ, ಕಲ್ಲೂ ಹೋಗಿರಬೇಕು ಎಂಬ ಸಮಾಧಾನ.

ಇಲ್ಲೇ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಕಲ್ಲಿನ ನೋವು ಬರುವುದು ಕಲ್ಲು ಚುಚ್ಚುವುದರಿಂದಲ್ಲ. ಅಡ್ಡಿಯ ಹಿಂದೆ ಮೂತ್ರ ತುಂಬಿ, ನಾಳವೂ ಕಿಡ್ನಿಯ ಹೊದಿಕೆಯೂ ಒಮ್ಮೆಲೇ ಹಿಗ್ಗುವುದರಿಂದ. ಹಾಗಾದರೆ ನೋವು ನಿಲ್ಲುವುದು ಯಾವಾಗ? ಕಲ್ಲು ಹೊರಗೆ ಬಿದ್ದಾಗ ನಿಲ್ಲುತ್ತದೆ. ಔಷಧಿಯ ಪ್ರಭಾವದಲ್ಲಿ ನಿಲ್ಲುತ್ತದೆ. ಕಲ್ಲು ಅಲ್ಲೇ ಇದ್ದು, ಒತ್ತಡಕ್ಕೆ ಸೋತ ಕಿಡ್ನಿ ಸೋಸುವುದನ್ನು ಕಡಿಮೆ ಮಾಡಿದಾಗಲೂ ನಿಲ್ಲುತ್ತದೆ. ಈ ಮೂರನ್ನೂ ರೋಗಿ ಹೊರಗಿನಿಂದ ಬೇರ್ಪಡಿಸಲಾರ. ವೈದ್ಯನೂ ಹೊಟ್ಟೆ ಮುಟ್ಟಿ ನೋಡಿ ಬೇರ್ಪಡಿಸಲಾರ. ಆದ್ದರಿಂದ ಕಲ್ಲು ಕಣ್ಣಿಗೆ ಬಿದ್ದಿಲ್ಲವಾದರೆ, ನೋವು ಹೋದ ಮೇಲೂ ಒಂದು ಸೋನೋಗ್ರಫಿ ಬೇಕೇ ಬೇಕು. ನಾವು ಈ ಕಾಯಿಲೆಯನ್ನು ನೋವಿನಿಂದ ಅಳೆಯುತ್ತೇವೆ. ಅಳೆಯಬೇಕಾದ್ದು ತಡೆಯನ್ನು, ಜ್ವರವನ್ನು.

ತಡೆಯ ಹಿಂದೆ ನಿಂತ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಕಥೆ ಪೂರಾ ಬದಲಾಗುತ್ತದೆ. ಸಾಮಾನ್ಯ ಉರಿಮೂತ್ರಕ್ಕೆ ಮಾತ್ರೆ ಸಾಕು, ಏಕೆಂದರೆ ಅಲ್ಲಿ ಹರಿವು ಇದೆ. ಇಲ್ಲಿ ಹರಿವೇ ಇಲ್ಲ. ನಿಂತ ಮೂತ್ರ ಗಂಟೆಗಳಲ್ಲಿ ಮಸುಕಾಗಿ, ದಿನಗಳಲ್ಲಿ ಕೀವಾಗುತ್ತದೆ. ಒಳಗಿನ ಒತ್ತಡ ಏರಿದಂತೆ ಆ ಬ್ಯಾಕ್ಟೀರಿಯಾಗಳು ಹಿಮ್ಮುಖವಾಗಿ ಕಿಡ್ನಿಯ ರಕ್ತನಾಳಗಳಿಗೆ ನುಗ್ಗುತ್ತವೆ. ಚಳಿ, ಹಲ್ಲು ಕಟಕಟಿಸುವ ನಡುಕ, 102-103 ಡಿಗ್ರಿ ಜ್ವರ, ಆಮೇಲೆ ರಕ್ತದೊತ್ತಡದ ಕುಸಿತ. ರಕ್ತಕ್ಕೆ ನಂಜೇರಿತು ಎಂದು ನಮ್ಮ ಹಳಬರು ಹೇಳುತ್ತಿದ್ದುದು ಇದನ್ನೇ. ಆಂಟಿಬಯೋಟಿಕ್ ರಕ್ತದಲ್ಲಿ ಎಷ್ಟೇ ಇರಲಿ, ಸೋಸುವುದನ್ನು ನಿಲ್ಲಿಸಿದ ಕಿಡ್ನಿಯ ಒಳಗಿನ ಆ ಕೀವಿಗೆ ಸಾಕಷ್ಟು ತಲುಪುವುದಿಲ್ಲ. ಹೋಟೆಲಿನ ಮೋರಿ ಕಟ್ಟಿಕೊಂಡಾಗ ಮೇಲಿನಿಂದ ಫಿನಾಯಿಲ್ ಸುರಿದು ಯಾರೂ ಕೂರುವುದಿಲ್ಲ, ಮೊದಲು ಮೋರಿ ಬಿಡಿಸುತ್ತಾರೆ. ಇಲ್ಲೂ ಅಷ್ಟೇ.

ಹಾಗೆ ಬಿಡಿಸಲು ಎರಡು ದಾರಿ ಇವೆ. ಒಂದು, ಮೂತ್ರದ್ವಾರದಿಂದ ದುರ್ಬೀನು ಹಾಕಿ, ಕಲ್ಲಿನ ಪಕ್ಕದಿಂದ ತೆಳ್ಳನೆಯ ತಂತಿ ನುಸುಳಿಸಿ, ಎರಡೂ ತುದಿ ಸುರುಳಿಯಾದ ಡಿಜೆ ಸ್ಟೆಂಟ್ ಎಂಬ ನಳಿಕೆ ಕೂರಿಸುವುದು. ಇನ್ನೊಂದು, ಬೆನ್ನಿನಿಂದ ನೇರ ಕಿಡ್ನಿಗೆ ನಳಿಕೆ ಇಳಿಸುವುದು. ಇದಕ್ಕೆ ಪಿಸಿಎನ್ ಅನ್ನುತ್ತೇವೆ. ಯಾವುದು ಮೇಲು ಎಂದು 1998ರಲ್ಲಿ ಅಮೆರಿಕದಲ್ಲಿ 42 ರೋಗಿಗಳ ಮೇಲೆ ಹೋಲಿಸಿ ನೋಡಿದರು. ಒಂದು ಮತ್ತೊಂದಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. ಆ ರಾತ್ರಿ ಆ ಆಸ್ಪತ್ರೆಯಲ್ಲಿ ಯಾವುದು ಬೇಗ ಆಗುತ್ತದೋ ಅದೇ ಸರಿ.

ಬೆನ್ನಿನ ನಳಿಕೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಹೆದರಬೇಡಿ. ರೋಗಿಯನ್ನು ಬೋರಲು ಅಥವಾ ಅರೆಬೋರಲು ಮಲಗಿಸುತ್ತೇವೆ. ಪೂರ್ತಿ ಮಂಪರು ಕೊಡುವುದಿಲ್ಲ. ಕೊನೆಯ ಪಕ್ಕೆಲುಬಿನ ಕೆಳಗೆ ಚರ್ಮ ಮರಗಟ್ಟಿಸುವ ಚಿಕ್ಕ ಸೂಜಿ. ಸೋನೋಗ್ರಫಿಯ ಪರದೆಯ ಮೇಲೆ ಹಿಗ್ಗಿದ ಕಿಡ್ನಿ ಕಾಣುತ್ತದೆ. ತಿಳಿಯಾದ ಮೂತ್ರ ಇದ್ದರೆ ಅದು ಕಡುಕಪ್ಪು. ಕೀವಿದ್ದರೆ ಕಪ್ಪಿನೊಳಗೆ ಬೂದು ಗಸಿ ತೇಲುತ್ತದೆ, ರೋಗಿ ಮಗ್ಗುಲು ಬದಲಿಸಿದರೆ ಗಸಿಯೂ ಜಾರುತ್ತದೆ. ಅದನ್ನು ನೋಡುತ್ತಲೇ ಉದ್ದ ಸೂಜಿ ಒಳಗೆ. ಒಳಕಡ್ಡಿ ಎಳೆದ ಕೂಡಲೇ ಹಳದಿ-ಹಸಿರು ದ್ರವ ಯಾರೂ ಎಳೆಯದೆ ತಾನಾಗಿ ಮೇಲೆ ಬರುತ್ತದೆ. ಒತ್ತಡ ಎಷ್ಟಿತ್ತು ಎನ್ನುವುದು ಅದರ ರಭಸದಲ್ಲೇ ಗೊತ್ತಾಗುತ್ತದೆ. ಮೊದಲ ಕೆಲವು ಎಂ.ಎಲ್., ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರ್ ಬಾಟಲಿಗೆ. ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ನಳಿಕೆ, ನಳಿಕೆಗೆ ಚೀಲ. ಬಣ್ಣದ ಔಷಧಿ ಹಾಕಿ ಎಕ್ಸ್‌ರೇ ತೆಗೆಯುವ ಆಸೆಯನ್ನು ಆ ಹೊತ್ತಿಗೆ ಅದುಮಿಕೊಳ್ಳಬೇಕು. ಒಳಗೆ ಇನ್ನಷ್ಟು ದ್ರವ ತುಂಬಿದರೆ ಒತ್ತಡ ಏರಿ, ಮೇಜಿನ ಮೇಲೆಯೇ ರೋಗಿ ನಡುಗಲು ಶುರುಮಾಡುತ್ತಾನೆ. ಎಲ್ಲ ಸರಿಹೋದರೆ ಅರ್ಧ ಗಂಟೆಯ ಕೆಲಸ.

ಹೊರಗೆ ಬಂದಾಗ ಮನೆಯವರ ಮೊದಲ ಪ್ರಶ್ನೆ: “ಕಲ್ಲು ತೆಗೆದ್ರಾ ಡಾಕ್ಟ್ರೇ?”

“ಇಲ್ಲ.”

ಆ ಕ್ಷಣ ಅವರ ಮುಖದಲ್ಲಿ ಕಾಣುವುದು ನಿರಾಸೆ, ಅದರ ಹಿಂದೆ ಸಂಶಯ. ಈಗ ಒಂದು ಬಿಲ್ಲು, ಕಲ್ಲಿಗೆ ಇನ್ನೊಂದು ಬಿಲ್ಲು. ಡಾಕ್ಟರು ದುಡ್ಡಿಗೋಸ್ಕರ ಎರಡು ಕಂತು ಮಾಡಿದರು ಎಂದು ಕಾರಿಡಾರಿನಲ್ಲಿ ಮಾತಾಗುತ್ತದೆ. ಅವರನ್ನು ದೂರುವುದಿಲ್ಲ, ನಮ್ಮ ಖಾಸಗಿ ವೈದ್ಯಕೀಯ ಅಂಥ ನಂಬಿಕೆಯನ್ನೇನೂ ಗಳಿಸಿಟ್ಟುಕೊಂಡಿಲ್ಲ. ಆದರೆ ಈ ಒಂದು ವಿಷಯದಲ್ಲಿ ಎರಡು ಕಂತೇ ಸರಿ. ಕಲ್ಲು ಒಡೆಯುವಾಗ ಕಿಡ್ನಿಯೊಳಗೆ ನೀರು ಹರಿಸಲೇಬೇಕು. ಕೀವು ತುಂಬಿದ ಕಿಡ್ನಿಯಲ್ಲಿ ಹಾಗೆ ಮಾಡಿದರೆ ಬ್ಯಾಕ್ಟೀರಿಯಾಗಳನ್ನು ನಾವೇ ರಕ್ತಕ್ಕೆ ತಳ್ಳಿದಂತೆ. ಮೊದಲು ಕೀವು ಹರಿಯಬೇಕು, ಜ್ವರ ಇಳಿಯಬೇಕು, ಕಲ್ಚರ್ ನೋಡಿ ಕೊಟ್ಟ ಔಷಧಿ ಕೆಲಸ ಮಾಡಬೇಕು. ಕಲ್ಲಿನ ಸರದಿ ಆಮೇಲೆ. “ಒಂದೇ ಸಲಕ್ಕೆ ಎಲ್ಲ ಮುಗಿಸಿಬಿಡಿ” ಎಂದು ವೈದ್ಯರನ್ನು ಒತ್ತಾಯಿಸಬೇಡಿ. ಜ್ವರ ಇರುವಾಗ ಒಂದೇ ಸಲಕ್ಕೆ ಮುಗಿಸುತ್ತೇನೆ ಎನ್ನುವವರನ್ನು ಎರಡು ಪ್ರಶ್ನೆ ಹೆಚ್ಚೇ ಕೇಳಿ.

ಈ ತುರ್ತಿನ ತೂಕ ಎಷ್ಟು ಎನ್ನುವುದಕ್ಕೆ 2013ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನ ನೋಡಬಹುದು. ನಾಳದ ಕಲ್ಲಿನ ಜೊತೆ ರಕ್ತಕ್ಕೆ ನಂಜೇರಿದವರಲ್ಲಿ, ನಳಿಕೆ ಹಾಕಿ ಒತ್ತಡ ಇಳಿಸದೆ ಇದ್ದವರ ಪೈಕಿ 19.2 ಶೇಕಡಾ ಜನ ತೀರಿಕೊಂಡರು. ಒತ್ತಡ ಇಳಿಸಿದವರ ಪೈಕಿ 8.82 ಶೇಕಡಾ. ಅರ್ಧಕ್ಕೂ ಕಡಿಮೆ. ಆದರೂ ಹತ್ತಿರ ಹತ್ತಿರ ಒಂಬತ್ತು ಶೇಕಡಾ ಎಂಬುದನ್ನು ಮರೆಯಬೇಡಿ, ಅದೂ ಅಮೆರಿಕದ ಆಸ್ಪತ್ರೆಗಳಲ್ಲಿ.

ಇಷ್ಟು ಸರಳವಾದ ನಳಿಕೆ ಎಷ್ಟು ಹೊಸದು ಎಂದರೆ ನಿಮಗೆ ಆಶ್ಚರ್ಯವಾದೀತು. ಹಿಗ್ಗಿದ ಕಿಡ್ನಿಗೆ ಬೆನ್ನಿನಿಂದ ಸೂಜಿ ಹಾಕಿ ಬರಿದುಮಾಡುವ ಪದ್ಧತಿಯನ್ನು ಗುಡ್‌ವಿನ್ ಮತ್ತು ಜೊತೆಗಾರರು ಪ್ರಕಟಿಸಿದ್ದು 1955ರಲ್ಲಿ. ಅದೇ ರಂಧ್ರದಿಂದ ಕಲ್ಲು ತೆಗೆಯಬಹುದೆಂದು ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಜೊಹಾನ್ಸನ್ ತೋರಿಸಿದ್ದು 1976. ಡಿಜೆ ಸ್ಟೆಂಟ್ ಬಂದದ್ದು 1978. ಹೊರಗಿನಿಂದ ಶಬ್ದದಲೆಯಲ್ಲಿ ಕಲ್ಲು ಪುಡಿಮಾಡುವ ಯಂತ್ರದಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆದದ್ದು 1980ರ ಫೆಬ್ರವರಿಯಲ್ಲಿ, ಮ್ಯೂನಿಕ್‌ನಲ್ಲಿ. ಇಲ್ಲಿ ಕೂತಿರುವ ಹಿರಿಯರಲ್ಲಿ ಹಲವರು ಈ ತಂತ್ರಗಳಿಗಿಂತ ವಯಸ್ಸಿನಲ್ಲಿ ದೊಡ್ಡವರು.

ಅದಕ್ಕೆ ಮುಂಚೆ? ದೊರೆಗಳಿಗೂ ದಾರಿಯಿರಲಿಲ್ಲ. ಫ್ರಾನ್ಸಿನ ಮೂರನೆಯ ನೆಪೋಲಿಯನ್ 1870ರಲ್ಲಿ ಸೆಡಾನ್ ಯುದ್ಧರಂಗದಲ್ಲಿ ಮೂತ್ರಕೋಶದ ಕಲ್ಲಿನಿಂದ ನರಳುತ್ತಲೇ ಕುದುರೆ ಏರಿದ್ದ. ಸೋತು, ಪದವಿ ಕಳೆದುಕೊಂಡು ಇಂಗ್ಲೆಂಡಿಗೆ ಹೋದ. 1873ರ ಜನವರಿಯಲ್ಲಿ ಆ ಕಾಲದ ಹೆಸರಾಂತ ಶಸ್ತ್ರವೈದ್ಯ ಹೆನ್ರಿ ಥಾಮ್ಸನ್ ನಾಲ್ಕು ದಿನಗಳ ಅಂತರದಲ್ಲಿ ಎರಡು ಸಲ ಕಲ್ಲು ಒಡೆದರು. ಮೂರನೆಯ ಸಲಕ್ಕೆ ಮುಂಚೆ, ಜನವರಿ 9ರಂದು, ರೋಗಿ ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಉಳಿದ ಕಲ್ಲಿನ ಜೊತೆಗೆ, ಬಹಳ ಕಾಲದಿಂದ ಹಾಳಾಗುತ್ತ ಬಂದಿದ್ದ ಕಿಡ್ನಿಗಳೂ ಕಂಡವು. ಕಲ್ಲನ್ನು ನೋಡಿದರು, ಅದರ ಮೇಲಿನ ಕಿಡ್ನಿಯನ್ನು ನೋಡುವ ಉಪಾಯ ಅವರ ಬಳಿ ಇರಲಿಲ್ಲ. ನಮ್ಮ ಬಳಿ ಇದೆ, ಆದರೂ ಚೀಟಿ ಪಾಸಿನ ಹಿಂದೆ ಸೇರುತ್ತದೆ.

ನಮ್ಮ ಸುಶ್ರುತನನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಅಶ್ಮರಿಯನ್ನು, ಅಂದರೆ ಮೂತ್ರದ ಕಲ್ಲನ್ನು, ಅವನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿದ. ಮೂತ್ರಕೋಶದ ಕಲ್ಲನ್ನು ಕೆಳಗಿನಿಂದ ಸೀಳಿ ತೆಗೆಯುವ ಕ್ರಮವನ್ನು ವಿವರವಾಗಿ ಬರೆದ. ಶಸ್ತ್ರಕ್ರಿಯೆ ಕೊನೆಯ ಉಪಾಯವಾಗಿರಲಿ, ಕೈಹಾಕುವ ಮುನ್ನ ದೊರೆಯ ಅನುಮತಿ ಪಡೆಯಲಿ ಎಂಬ ಎಚ್ಚರವನ್ನೂ ಕೊಟ್ಟ. ಇವತ್ತು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಮುತ್ತಜ್ಜ ಅನ್ನಿ. ಸುಶ್ರುತನ ಹೆಸರು ಹೇಳಿ ಪುಡಿ ಮಾರುವವರು ಅವನ ಈ ಭಾಗವನ್ನು ಓದಿದಂತೆ ಕಾಣುವುದಿಲ್ಲ.

ಪುಡಿಯ ಮಾತು ಬಂತು, ಹಾಗಾಗಿ ಮನೆಮದ್ದಿನ ಬಗ್ಗೆ ಎರಡು ಮಾತು. ಬಾಳೆದಿಂಡಿನ ರಸ, ಹುರುಳಿ ಸಾರು, ಇವುಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ತಾಯಂದಿರ ಅಡುಗೆ ಅದು. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಮೂರರಲ್ಲಿ ಎರಡು ಏನೂ ಮಾಡದಿದ್ದರೂ ಬಿದ್ದುಹೋಗುತ್ತವೆ. ಕೀರ್ತಿ ದಿಂಡಿಗೆ ಸಲ್ಲುತ್ತದೆ, ಸಲ್ಲಲಿ. ತೊಂದರೆ ಇರುವುದು ಎರಡು ಕಡೆ. ಕಿಡ್ನಿ ಈಗಾಗಲೇ ಸೋತವರಿಗೆ ಪೊಟ್ಯಾಸಿಯಂ ತುಂಬಿದ ರಸಗಳು ಅಪಾಯ. ಇನ್ನೊಂದು, ಜ್ವರ ಬಂದ ಮೇಲೂ “ಇನ್ನೆರಡು ದಿನ ರಸ ಕುಡಿದು ನೋಡುವ” ಎನ್ನುವುದು. ಬಿಯರ್ ಕುಡಿದರೆ ಕಲ್ಲು ಜಾರುತ್ತದೆ ಎಂಬ ಶಾಸ್ತ್ರವನ್ನು ಯಾರು ಬರೆದರೋ ತಿಳಿಯದು. ಅದಕ್ಕೆ ಅನುಯಾಯಿಗಳು ಮಾತ್ರ ಸಾಕಷ್ಟಿದ್ದಾರೆ. ನೋವಿನ ನಡುವೆ ಆರು ಲೀಟರ್ ನೀರು ಕುಡಿದು ಕಲ್ಲನ್ನು ತಳ್ಳಿಬಿಡುತ್ತೇನೆ ಎನ್ನುವುದೂ ಅದೇ ಜಾತಿಯ ಸಾಹಸ. ನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಆ ನೀರು ನೋವನ್ನಷ್ಟೇ ಹೆಚ್ಚಿಸುತ್ತದೆ. ನೀರಿನ ಕೆಲಸ ಕಲ್ಲು ಬಾರದಂತೆ ತಡೆಯುವುದು.

ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಇಟಲಿಯ ಬೋರ್ಗಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೊದಲ ಸಲ ಕಲ್ಲು ಬಂದವರಲ್ಲಿ ಹೆಚ್ಚು ನೀರು ಕುಡಿದವರ ಪೈಕಿ 12 ಶೇಕಡಾ ಮಂದಿಗೆ ಐದು ವರ್ಷದೊಳಗೆ ಮತ್ತೆ ಕಲ್ಲು ಬಂತು. ಉಳಿದವರಲ್ಲಿ 27 ಶೇಕಡಾ. ಅದೇ ತಂಡ 2002ರಲ್ಲಿ ಹಾಲಿನ ಪ್ರಶ್ನೆಗೂ ಉತ್ತರ ಕೊಟ್ಟಿತು. ಹಾಲು, ಮೊಸರು ಕಡಿಮೆ ಮಾಡಿದ ಗಂಡಸರಿಗಿಂತ, ಅವನ್ನು ಎಂದಿನಂತೆ ತಿಂದು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಿಗೆ ಕಲ್ಲು ಮರುಕಳಿಸಿದ್ದು ಕಡಿಮೆ. ಹಾಗಾಗಿ ಹಾಲು ಬಿಡಬೇಡಿ, ಉಪ್ಪಿನಕಾಯಿ ಮತ್ತು ಹಪ್ಪಳದ ಕಡೆ ಕೈ ಬಿಗಿಹಿಡಿಯಿರಿ. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರು. ಎಷ್ಟು ಕುಡಿದಿರಿ ಎಂದು ಲೆಕ್ಕ ಹಾಕುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತಿಳಿಯಾಗಿದ್ದರೆ ಸಾಕು. ಪಥ್ಯದ ವಿಷಯ ಇಲ್ಲಿಗೆ ಮುಗಿಯಿತು.

ಇದುವರೆಗೆ ಹೇಳಿದ್ದು ಗಲಾಟೆ ಮಾಡುವ ಕಲ್ಲು. ನನಗೆ ಹೆಚ್ಚು ಭಯ ಇರುವುದು ಸದ್ದು ಮಾಡದ ಕಲ್ಲಿನದು. ಕೆಲವು ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಪ್ರೋಟಿಯಸ್, ಕೆಲವೊಮ್ಮೆ ಕ್ಲೆಬ್ಸಿಯೆಲ್ಲಾ, ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಕ್ಷಾರವಾಗುತ್ತದೆ. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಸ್ಟ್ರುವೈಟ್ ಎಂಬ ಕಲ್ಲು ಕಟ್ಟುತ್ತದೆ. ಇಲ್ಲಿ ಸೋಂಕೇ ಕಲ್ಲನ್ನು ಹುಟ್ಟಿಸುತ್ತದೆ, ಆ ಕಲ್ಲಿನ ಪದರಗಳೊಳಗೇ ಬ್ಯಾಕ್ಟೀರಿಯಾ ಮನೆಮಾಡಿಕೊಂಡಿರುತ್ತದೆ. ಹಾಗಾಗಿ ಮಾತ್ರೆ ತಿಂದಷ್ಟು ದಿನ ಉರಿಮೂತ್ರ ಕಡಿಮೆ, ಬಿಟ್ಟ ಕೂಡಲೇ ಮತ್ತೆ. ಕಲ್ಲು ತಿಂಗಳುಗಳಲ್ಲಿ ಬೆಳೆದು ಕಿಡ್ನಿಯ ಎಲ್ಲ ಕವಲುಗಳಿಗೂ ಚಾಚಿ, ಎಕ್ಸ್‌ರೇಯಲ್ಲಿ ಜಿಂಕೆಯ ಕೊಂಬಿನಂತೆ ಕಾಣುತ್ತದೆ. ನಾಳಕ್ಕೆ ಇಳಿಯದ ಕಾರಣ ದೊಡ್ಡ ನೋವಿಲ್ಲ. ಮಧ್ಯವಯಸ್ಸಿನ ಹೆಂಗಸು, ವರ್ಷದಲ್ಲಿ ನಾಲ್ಕಾರು ಸಲ ಉರಿಮೂತ್ರ, ಸಂಜೆಯ ಹೊತ್ತು ಸಣ್ಣ ಜ್ವರ, ತೂಕ ಇಳಿದಿದೆ, ರಕ್ತ ಕಡಿಮೆ, ಸೊಂಟದ ಒಂದು ಬದಿ ಯಾವಾಗಲೂ ಭಾರ. “ಅಕ್ಕ, ಯಾವಾಗಿನಿಂದ?” ಎಂದು ಕೇಳಿದರೆ “ಮಗಳ ಮದುವೆಯಿಂದ” ಅನ್ನುತ್ತಾರೆ. ಮಗಳಿಗೆ ಮಗು ಆಗಿ ಅದು ಶಾಲೆಗೆ ಹೋಗುತ್ತಿರುತ್ತದೆ. ಅಷ್ಟು ವರ್ಷ ಅವರಿಗೆ ಸಿಕ್ಕಿದ್ದು ಕಬ್ಬಿಣಾಂಶದ ಮಾತ್ರೆ, ಟಾನಿಕ್ಕು, ಆಗಾಗ ಅಂಗಡಿಯಿಂದ ತಂದ ಆಂಟಿಬಯೋಟಿಕ್.

ಹೀಗೇ ಬಿಟ್ಟರೆ ಕೆಲವರಲ್ಲಿ ಕಿಡ್ನಿಯ ಮಾಂಸವೆಲ್ಲ ಕರಗಿ ಹಳದಿ ಕೊಬ್ಬಿನಂಥ ಗಡ್ಡೆಯಾಗುತ್ತದೆ. ಸಿ.ಟಿ.ಯಲ್ಲಿ ಕರಡಿಯ ಪಂಜದ ಆಕಾರ ಕಾಣುತ್ತದೆ. ಅದಕ್ಕೆ ಬಹುಪಾಲು ಕಿಡ್ನಿ ತೆಗೆಯುವುದೇ ಚಿಕಿತ್ಸೆ. ಕ್ಯಾನ್ಸರೋ ಸೋಂಕೋ ಎಂದು ಸ್ಕ್ಯಾನ್ ನೋಡಿದವರಿಗೂ ಗೊಂದಲವಾಗುವುದುಂಟು. ಇನ್ನು ಕೆಲವರಲ್ಲಿ ಕೀವು ಕಿಡ್ನಿಯ ಹೊದಿಕೆ ದಾಟಿ ಸುತ್ತಲಿನ ಕೊಬ್ಬಿಗೆ ಹರಿದು ಬಾವು ಕಟ್ಟುತ್ತದೆ. ಹಿಂದಿನ ಸ್ನಾಯುವಿನ ಗುಂಟ ತೊಡೆಯವರೆಗೆ ಇಳಿಯುತ್ತದೆ. ಆಗ ರೋಗಿ ಕುಂಟುತ್ತ ಮೂಳೆ ಡಾಕ್ಟರ ಬಳಿ ಹೋಗುತ್ತಾನೆ. ಕಾಲು ನೀಡಿದರೆ ನೋವು, ಮಡಚಿಕೊಂಡರೆ ಹಾಯೆನಿಸುತ್ತದೆ. ಮೂತ್ರದ ಪರೀಕ್ಷೆ ಕೆಲವೊಮ್ಮೆ ಶುದ್ಧವಾಗಿಯೇ ಬರುತ್ತದೆ, ಏಕೆಂದರೆ ಕೀವು ಮೂತ್ರದ ದಾರಿಯಲ್ಲಿಲ್ಲ. ಆಂಟಿಬಯೋಟಿಕ್ ಕೊಟ್ಟು ನಾಲ್ಕೈದು ದಿನವಾದರೂ ಜ್ವರ ಇಳಿಯದ ಕಿಡ್ನಿ ಸೋಂಕು ಎಂದರೆ ಒಳಗೆಲ್ಲೋ ಬಾವು ಇದೆ ಎಂದೇ ನಾನು ಭಾವಿಸುತ್ತೇನೆ, ಇಲ್ಲ ಎಂದು ಸಿ.ಟಿ. ಹೇಳುವವರೆಗೆ. ಮೂತ್ರದಲ್ಲಿ ಕೀವುಕಣ ತುಂಬಿದ್ದು ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಕ್ಷಯವನ್ನೂ ನೆನೆಯಬೇಕು. ನಮ್ಮ ದೇಶದಲ್ಲಿ ಕಿಡ್ನಿಗೂ ಅದು ಬರುತ್ತದೆ.

ಸಕ್ಕರೆ ಕಾಯಿಲೆಯವರ ಮಾತು ಬೇರೆಯೇ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ಕಿಡ್ನಿಯ ಸೋಂಕು ಒಂದು ವಿಚಿತ್ರ ರೂಪ ತಾಳಬಹುದು. ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಹಿಡಿಸಿ ಕಿಡ್ನಿಯೊಳಗೇ ಗಾಳಿ ಉತ್ಪಾದಿಸುತ್ತವೆ. ಸಿ.ಟಿ.ಯಲ್ಲಿ ಆ ಗಾಳಿ ಕಪ್ಪು ಗುಳ್ಳೆಗಳಾಗಿ ಕಾಣುತ್ತದೆ. ಮೊದಲೆಲ್ಲ ಆ ಕಿಡ್ನಿಯನ್ನು ತಕ್ಷಣ ತೆಗೆಯುತ್ತಿದ್ದರು. ಈಗ ನಳಿಕೆ, ಸರಿಯಾದ ಔಷಧಿ, ಸಕ್ಕರೆಯ ಹತೋಟಿ, ಇಷ್ಟರಿಂದಲೇ ಬಹಳ ಮಂದಿಯ ಕಿಡ್ನಿ ಉಳಿಯುತ್ತದೆ. ಇವರಲ್ಲಿ ನೋವು ಜೋರಾಗಿಯೇ ಇರಬೇಕೆಂದಿಲ್ಲ. ಸುಸ್ತು, ವಾಂತಿ, ಸಕ್ಕರೆ ಏಕಾಏಕಿ ನಾನ್ನೂರಕ್ಕೆ ಏರಿದ್ದು, ಅಷ್ಟೇ ಲಕ್ಷಣ ಇರಬಹುದು.

ಔಷಧಿ ಅಂಗಡಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2014ರ ಮಾರ್ಚ್ 1ರಿಂದ ಹಲವು ಬಲವಾದ ಆಂಟಿಬಯೋಟಿಕ್‌ಗಳು ಎಚ್-1 ಪಟ್ಟಿಗೆ ಸೇರಿವೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಆದರೂ ಸ್ಟೇಷನ್ ರಸ್ತೆಯಲ್ಲಿ “ಉರಿಮೂತ್ರಕ್ಕೆ ಏನಾದರೂ ಕೊಡಿ” ಎಂದರೆ ಎರಡು ದಿನದ ಮಾತ್ರೆ ಕತ್ತರಿಸಿ ಕೊಡುವವರು ಸಿಗುತ್ತಾರೆ. ಆ ಎರಡು ದಿನದ ಮಾತ್ರೆ ಕಾಯಿಲೆ ವಾಸಿ ಮಾಡುವುದಿಲ್ಲ, ಕಲ್ಚರನ್ನು ಮಾತ್ರ ಕೆಡಿಸುತ್ತದೆ. ಕೀವು ತುಂಬಿ ಬಂದ ರಾತ್ರಿ ಯಾವ ಔಷಧಿ ಹಿಡಿಯುತ್ತದೆ ಎಂದು ತಿಳಿಯದೆ ಕತ್ತಲಲ್ಲಿ ಕಲ್ಲು ಹೊಡೆಯುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಕಲ್ಲಿನ ಜೊತೆ ಜ್ವರ ಬಂದರೆ ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಿ. ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ, ಕಳವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್, ವಾಶಿಯಲ್ಲಿ ಮಹಾನಗರಪಾಲಿಕೆಯ ಆಸ್ಪತ್ರೆ ಇದೆ. ಮುಂದೆ ಮುಂಬಯಿಯಲ್ಲಿ ಸಾಯನ್, ಕೆಇಎಂ ಆಸ್ಪತ್ರೆಗಳಿವೆ. ಸರಕಾರಿಯೋ ಖಾಸಗಿಯೋ, ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಈ ರಾತ್ರಿಯೇ ನಳಿಕೆ ಹಾಕುವವರು ಇದ್ದಾರಾ?” ಇಲ್ಲ ಎಂದರೆ ಮೊದಲ ಡೋಸ್ ಆಂಟಿಬಯೋಟಿಕ್ ಹಾಕಿಸಿಕೊಂಡು, ಸಲೈನ್ ಹಚ್ಚಿಸಿಕೊಂಡೇ ಮುಂದಿನ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ಒಂದೇ ಕಿಡ್ನಿ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಖರ್ಚಿಗೆ ಮಹಾರಾಷ್ಟ್ರದ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಇದೆ. ಇಲ್ಲಿಯ ರೇಷನ್ ಕಾರ್ಡ್ ಇಲ್ಲದ ನಾಕಾ ಕಾರ್ಮಿಕರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯ ಕಾರ್ಡನ್ನು ಊರಲ್ಲಿ ಮಾಡಿಸಿದ್ದರೂ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ. ಸಂಘದ ಕಾರ್ಯಕರ್ತರು ಈ ಒಂದು ಮಾತನ್ನು ನಾಕಾಗಳಿಗೆ ಮುಟ್ಟಿಸಿದರೆ ನನ್ನ ಭಾಷಣಕ್ಕಿಂತ ದೊಡ್ಡ ಕೆಲಸವಾಯಿತು.

ಕೊನೆಗೆ ಸ್ಟೆಂಟಿನ ವಿಷಯ, ಇದನ್ನು ಬೇಕೆಂದೇ ಉಳಿಸಿಕೊಂಡೆ. ಡಿಜೆ ಸ್ಟೆಂಟ್ ಒಳಗಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ನೋವು ಹೋಯಿತು, ಜ್ವರ ಹೋಯಿತು, ರಜೆ ಸಿಕ್ಕಿತು, ರೋಗಿ ಊರಿಗೆ ಹೊರಟ. ಅಲ್ಲಿ ಕೋಲ, ಜಾತ್ರೆ, ಗದ್ದೆ ಕೆಲಸ, ತಂಗಿಯ ಮದುವೆ. ವಾಪಸು ಬಂದದ್ದು ಥಾಣೆಗಲ್ಲ, ಪುಣೆಗೆ. ಮೂರು ತಿಂಗಳೊಳಗೆ ತೆಗೆಯಬೇಕಾದ ಸ್ಟೆಂಟ್ ಮೂರು ವರ್ಷ ಒಳಗೇ ಉಳಿಯುತ್ತದೆ. ಅದರ ಎರಡೂ ಸುರುಳಿಗಳ ಮೇಲೆ ಹೊಸ ಕಲ್ಲು ಕಟ್ಟುತ್ತದೆ, ನಡುವೆ ತುಂಡಾಗುತ್ತದೆ, ಕಟ್ಟಿಕೊಂಡ ನಳಿಕೆಯ ಹಿಂದೆ ಮತ್ತೆ ಕೀವು. ಒಂದು ಹತ್ತು ನಿಮಿಷದ ಕೆಲಸಕ್ಕೆ ಆಗ ಎರಡು ಮೂರು ಶಸ್ತ್ರಕ್ರಿಯೆ ಬೇಕಾಗುತ್ತದೆ. ಇದರಲ್ಲಿ ರೋಗಿಯ ಮರೆವಿಗಿಂತ ನಮ್ಮ ವೈದ್ಯರ ಮಾತಿನ ಬಡತನ ದೊಡ್ಡದು. ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ ಎರಡಕ್ಷರ ಗೀಚಿದರೆ, ಇಂಡಿ ತಾಲ್ಲೂಕಿನ ಗೌಂಡಿಗೆ ಅದು ತಿಳಿಯುವುದು ಹೇಗೆ? ನಾನೀಗ ಕನ್ನಡ ಬಲ್ಲ ರೋಗಿಗಳಿಗೆ ಕಾಗದದ ಮೇಲೆ ದಪ್ಪಕ್ಷರದಲ್ಲಿ ‘ಒಳಗೆ ನಳಿಕೆ ಇದೆ, ಈ ತಾರೀಖಿನೊಳಗೆ ತೆಗೆಸಬೇಕು’ ಎಂದು ಬರೆದು, ಮನೆಯವರೊಬ್ಬರ ಮೊಬೈಲಿನಲ್ಲಿ ಆ ದಿನಕ್ಕೆ ಅಲಾರಂ ಇಡಿಸುತ್ತೇನೆ. ಯಾವ ಊರಿನ ಮೂತ್ರರೋಗ ವೈದ್ಯರಾದರೂ ಅದನ್ನು ತೆಗೆಯಬಲ್ಲರು, ಹಾಕಿದವರ ಬಳಿಯೇ ಬರಬೇಕೆಂದಿಲ್ಲ.

ಈ ಸಭೆಯಲ್ಲಿ ಯಾರಿಗಾದರೂ, ಅಥವಾ ನಿಮ್ಮ ಹೋಟೆಲಿನ ಮಾಣಿಗೆ, ನಿಮ್ಮ ಕಟ್ಟಡದ ಕಾವಲಿನವನಿಗೆ ಹಿಂದೆಂದಾದರೂ ಸ್ಟೆಂಟ್ ಹಾಕಿದ್ದು, ತೆಗೆಸಿದ್ದು ನೆನಪಾಗದಿದ್ದರೆ, ಒಂದು ಸಾದಾ ಎಕ್ಸ್‌ರೇ ಸಾಕು. ಸ್ಟೆಂಟ್ ಒಳಗಿದ್ದರೆ ಅದರಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ. ಹಳೆಯ ರಿಪೋರ್ಟು ತಂದವರು ಸಭೆ ಮುಗಿದ ಮೇಲೆ ವೇದಿಕೆಯ ಎಡಬದಿಗೆ ಬನ್ನಿ, ನೋಡಿಕೊಡುತ್ತೇನೆ. ಅದಕ್ಕೆ ಮುಂಚೆ ಪ್ರಶ್ನೆಗಳಿದ್ದರೆ ಕೇಳಿ.